ನೂಲರಮನೆಯ ಇಂಪು

ಚಾಲಕನಿಲ್ಲದ ಟಂಟಂ ಗಾಡಿಗಳು ಹುಬ್ಬಳ್ಳಿಯ ತುಂಬ ಓಡಾಡತೊಡಗಿದ ಮೇಲೂ, ಮನೆಯ ಕನ್ನಡಿಯೆದುರು ನಿಂತರೆ ಬೇಕಾದ ಸೀರೆ ಮೈಮೇಲೆ ಮೂಡಿ ಕಾಣುವ ಕಾಲ ಬಂದ ಮೇಲೂ, ಒಂದು ಕೆಲಸ ಮಾತ್ರ ಹಳೆಯ ರೀತಿಯಲ್ಲೇ ಉಳಿದಿತ್ತು. ಮದುವೆಯ ಜವಳಿ ತೆಗೆಯಲು ಎರಡೂ ಕಡೆಯವರು ಗುಂಪು ಕಟ್ಟಿಕೊಂಡು ಅಂಗಡಿಗೇ ಹೋಗಬೇಕು, ಬಿಳಿ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ನೂರು ಸೀರೆ ಬಿಚ್ಚಿಸಬೇಕು, ಅಂಚಿನ ಬಣ್ಣಕ್ಕೆ ಒಮ್ಮೆ ಮುನಿಸಿಕೊಳ್ಳಬೇಕು, ಸಾವುಕಾರರು ತರಿಸಿದ ಚಹಾ ಕುಡಿದು ಮತ್ತೆ ಒಂದಾಗಬೇಕು. ಇದನ್ನು ಬದಲಿಸುವ ಯಂತ್ರ ಇನ್ನೂ ಹುಟ್ಟಿರಲಿಲ್ಲ.

ಬದಲಾದದ್ದು ಅಂಗಡಿಯ ಹಾಡು. ಹಿಂದೆಯೂ ಹಾಡು ಹಾಕುತ್ತಿದ್ದರು; ಸಾವುಕಾರರ ಮಗನಿಗೆ ಇಷ್ಟವಾದದ್ದನ್ನು ಬಂದವರೆಲ್ಲ ಕೇಳಬೇಕಾಗಿತ್ತು, ಅಷ್ಟೆ. ಇಂಪು ಎಂಬ ಯಂತ್ರ ಬಂದ ಮೇಲೆ ಪ್ರತಿಯೊಬ್ಬ ಗಿರಾಕಿಯ ತಲೆಯ ಸುತ್ತ ಒಂದು ಮೊಳದಷ್ಟು ಜಾಗದಲ್ಲಿ ಅವರವರ ಹಾಡು ಮಾತ್ರ ಕೇಳಿಸತೊಡಗಿತು. ಚಾವಣಿಗೆ ಬಡಿದ ತೂತು ತೂತಿನ ಹಲಗೆಗಳಿಂದ ಧ್ವನಿ ಸಣ್ಣ ಎಳೆಯಾಗಿ ಇಳಿದು, ಯಾರ ಕಿವಿಯ ಬಳಿ ಬಿಚ್ಚಿಕೊಳ್ಳಬೇಕೋ ಅಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಗಾದಿಯ ಕೆಳಗೆ ಹಾಸಿದ ತೆಳು ಚಾಪೆ ಕೂತವರ ಎದೆಬಡಿತ, ಉಸಿರು ಎರಡನ್ನೂ ಅಳೆದು ಯಂತ್ರಕ್ಕೆ ಹೇಳುತ್ತಿತ್ತು. ಅತ್ತೆಗೆ ವಚನ, ಸೊಸೆಗೆ ಸಿನಿಮಾ ಹಾಡು, ಮಾವನಿಗೆ ತಂಬೂರಿಯ ಶ್ರುತಿ. ಒಂದೇ ಗಾದಿಯ ಮೇಲೆ ಮೂವರೂ ಖುಷಿ. ಬೀಗರ ಜಗಳ ಅರ್ಧಕ್ಕರ್ಧ ಇಳಿದುಹೋಯಿತು. ಕೊಳ್ಳುವುದೇನೂ ಇಲ್ಲದಿದ್ದರೂ ಮಧ್ಯಾಹ್ನ ಒಂದು ಸಣ್ಣ ನಿದ್ದೆ ತೆಗೆಯಲು ಜವಳಿ ಅಂಗಡಿಗೆ ಬರುವ ಮುದುಕರು ಊರೂರಲ್ಲಿ ಕಾಣಿಸಿಕೊಂಡರು.

ಈ ಇಂಪಿಗೆ ಬುದ್ಧಿ ಕಲಿಸಿದವಳು ದಾಕ್ಷಾಯಣಿ. ಮೂವತ್ತು ದಾಟಿದವಳು, ಧ್ವನಿವಿಜ್ಞಾನ ಓದಿದವಳು, ಗೋಕುಲ ರಸ್ತೆಯ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವಳು. ಮಾರಾಟ ಹೆಚ್ಚಿಸುವ ಯಂತ್ರ ಮಾಡಿ ಎಂದು ಅಂಗಡಿಕಾರರು ಕೇಳಿದಾಗ ಅವಳು ಒಪ್ಪಿರಲಿಲ್ಲ. ಯಂತ್ರಕ್ಕೆ ಒಂದೇ ಆಸೆ ಇರಬೇಕು, ಬಂದವರ ನೆಮ್ಮದಿ ಹೆಚ್ಚಬೇಕು ಎಂದು ಹಟ ಹಿಡಿದು ಹಾಗೆಯೇ ಬರೆದಿದ್ದಳು. ಗಾದಿಯ ಮೇಲೆ ಕೂತಷ್ಟು ಹೊತ್ತು ನೆಮ್ಮದಿಯ ಅಳತೆ. ಕೊನೆಗೆ, ಹೊರಗೆ ಚಪ್ಪಲಿ ಮೆಟ್ಟಿಕೊಳ್ಳಲು ಕೂರುವ ಕಟ್ಟೆಯ ಮೇಲೆ ಇನ್ನೊಂದು ಅಳತೆ. ಕಟ್ಟೆಯ ಮೇಲೆ ಹಗುರಾಗಿ ಉಸಿರಾಡಿದರು ಎಂದರೆ ಇಂಪು ಗೆದ್ದ ಹಾಗೆ. ಯಂತ್ರ ತನ್ನಷ್ಟಕ್ಕೆ ಸಣ್ಣಪುಟ್ಟ ಪ್ರಯೋಗ ಮಾಡುತ್ತ, ಗೆದ್ದದ್ದನ್ನು ನೆನಪಿಟ್ಟುಕೊಳ್ಳುತ್ತ, ಒಂದು ಅಂಗಡಿಯಲ್ಲಿ ಕಲಿತದ್ದನ್ನು ಉಳಿದೆಲ್ಲ ಅಂಗಡಿಗಳಿಗೂ ಹೇಳುತ್ತಿತ್ತು. ಹುಬ್ಬಳ್ಳಿಯ ನೂಲರಮನೆ ಎಂಬ ಅಂಗಡಿಯಲ್ಲಿ ಹುಟ್ಟಿದ ಬುದ್ಧಿ ಬಳ್ಳಾರಿ, ಬೀದರ, ಕಾರವಾರದವರೆಗೆ ಹೋಗಿತ್ತು. ದಾಕ್ಷಾಯಣಿಗೆ ಅದರ ಬಗ್ಗೆ ಜಂಬವಿತ್ತು. ಇರಬಾರದೆಂದೇನೂ ಇಲ್ಲ.

ಕಂಪನಿಯ ನಿಗಾ ಕೋಣೆಯಲ್ಲಿ ಎಲ್ಲ ಅಂಗಡಿಗಳ ಅಳತೆಗಳೂ ಗೋಡೆಯ ಮೇಲೆ ಹಸಿರು ಗೆರೆಗಳಾಗಿ ಹರಿಯುತ್ತಿದ್ದವು. ಅಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದ ಇಮ್ತಿಯಾಜ್ ಒಂದು ದಿನ ಕುರ್ಚಿ ತಿರುಗಿಸಿ ಹೇಳಿದ:

"ಮೇಡಂ, ಕೊಪ್ಪಳದ ಆ ಅಕ್ಕಾರು ಮತ್ತ ಫೋನ್ ಮಾಡಿದ್ರು. ಅವರ ಮಗಳಿಗೆ ಆಟಿಸಂ ಐತಲ್ಲ, ಅವರು."

"ಏನಂತ?"

"ಮೊದಲೆಲ್ಲಾ ಹುಡುಗಿ ಅಂಗಡ್ಯಾಗ ಗಪ್ಪ ಕುಂದರತಿತ್ತಂತ್ರಿ. ಇಂಪು ಹಾಕಿದಾಗಿಂದ ಸ್ವಲ್ಪ ಹೊತ್ತಿಗೆ ಕಿವಿ ಮುಚ್ಕೊಂಡು ಚೀರತೈತಂತ. ಒಂದು ವಿಚಿತ್ರ ಅಂದ್ರ, ಅವ್ವನ ಜೋಡಿ ಹೋದಾಗ ಅಷ್ಟ. ಅವರಜ್ಜನ ಜೋಡಿ ಹೋದ್ರ ಏನೂ ಇಲ್ಲಂತ."

"ಆ ಮಕ್ಕಳಿಗೆ ಗದ್ದಲ ಅಂದ್ರ ಆಗೂದಿಲ್ಲ, ಇಮ್ತಿಯಾಜ್. ಒಮ್ಮೆ ತಡಕೋತಾವ, ಒಮ್ಮೆ ಇಲ್ಲ. ಅದಕ್ಕ ಯಂತ್ರ ಏನ್ ಮಾಡತೈತಿ?"

"ನಿಮಗ ಅಂಥವರು ಯಾರರ ಗೊತ್ತದಾರೇನ್ರಿ?"

"ಇಲ್ಲ," ಎಂದಳು ದಾಕ್ಷಾಯಣಿ. "ಓದೀನಿ."

ಐದು ವರ್ಷ ಒಟ್ಟಿಗೆ ಡಬ್ಬಿ ಬಿಚ್ಚಿ ಉಂಡವರು ಅವರಿಬ್ಬರು. ಅವನ ಹೆಂಡತಿಯ ಹೆರಿಗೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ರಾತ್ರಿಯಿಡೀ ಕೂತವಳು ಅವಳು. ಅಂಥ ಗೆಳೆಯನಿಗೂ ತನಗೊಬ್ಬ ತಮ್ಮನಿದ್ದಾನೆ, ಅವನಿಗೆ ಆಟಿಸಂ ಇದೆ ಎಂದು ಅವಳು ಹೇಳಿರಲಿಲ್ಲ. ಹೇಳಬಾರದೆಂದು ಯಾರೂ ಅವಳ ಬಾಯಿ ಕಟ್ಟಿರಲಿಲ್ಲ. ನಾಲಿಗೆ ತಾನಾಗಿಯೇ 'ಇಲ್ಲ' ಎಂದಿತ್ತು.

ಮನೆಯಿದ್ದದ್ದು ಹಳೇ ಹುಬ್ಬಳ್ಳಿಯಲ್ಲಿ. ತಂದೆ ತೀರಿಕೊಂಡ ಮೇಲೆ ಅವ್ವ ಸೀರೆಗೆ ಫಾಲ್ ಹಚ್ಚುವ ಕೆಲಸದಿಂದ ಇಬ್ಬರನ್ನೂ ಬೆಳೆಸಿದ್ದಳು. ಈಗ ಮಗಳು ದುಡಿಯುತ್ತಿದ್ದರೂ ಅವ್ವನ ಸೂಜಿ ನಿಂತಿರಲಿಲ್ಲ. ಇಪ್ಪತ್ತನಾಲ್ಕರ ಶಂಭು ಪಕ್ಕದಲ್ಲಿ ಕೂತು ದಾರದ ಉಂಡೆಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತ, 'ಊಂ' ಎಂದು ಒಂದೇ ಶ್ರುತಿಯಲ್ಲಿ ಗುನುಗುತ್ತಿದ್ದ. ಮಾತು ಕಡಿಮೆ. ಬೇಕಾದಾಗ ಒಂದೊಂದೇ ಶಬ್ದ. ಇಳಕಲ್ ಸೀರೆಯ ಸೆರಗು ಸಿಕ್ಕರೆ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜುತ್ತ ಅರ್ಧ ದಿನ ಕಳೆಯುತ್ತಿದ್ದ.

ದಾಕ್ಷಾಯಣಿಯ ಮದುವೆ ಗದಗಿನ ಹುಡುಗ ಬಸವಪ್ರಭುವಿನ ಜೊತೆ ನಿಶ್ಚಯವಾಗಿತ್ತು.

"ಜವಳಿಗೆ ಶುಕ್ರವಾರ ಚಲೋ ಐತಂತ, ಬೀಗರೂ ಹೂಂ ಅಂದಾರ," ಎಂದಳು ಅವ್ವ. "ಶಂಭೂಗ ಆ ನೀಲಿ ಜುಬ್ಬಾ ಹಾಕೂಣು."

"ಅವನ್ನೂ ಕರ್ಕೊಂಡು ಹೋಗೂದೇನವಾ?"

"ಮತ್ತ? ಅಕ್ಷತಿ ಸೀರಿ ಯಾರ್ ಎತ್ತಿ ಕೊಡಬೇಕು, ನಾನೇನು?"

ಇದು ಅವ್ವನ ತವರಿನಿಂದ ಬಂದ ಪದ್ಧತಿ. ಅಕ್ಷತೆಯ ದಿನ ಮದುಮಗಳು ಉಡುವ ಸೀರೆಯನ್ನು ಅಂಗಡಿಯಲ್ಲಿ, ಎರಡೂ ಕಡೆಯವರ ಎದುರಿಗೆ, ರಾಶಿಯಿಂದ ಮೊದಲು ಎತ್ತುವ ಕೈ ಒಡಹುಟ್ಟಿದವನದೇ ಆಗಬೇಕು. ಅವ್ವನಿಗೆ ಹಾಗೇ ಆಗಿತ್ತು, ಅವಳ ಅವ್ವನಿಗೂ ಹಾಗೇ.

"ಕಾಕಾನ ಮಗ ಸಂಗಮೇಶ ಎತ್ತಲಿ."

ಅವ್ವ ಹಲ್ಲಿನಲ್ಲಿ ದಾರ ಕಡಿದಳು. "ಸಂಗಮೇಶ ನನ್ನ ಹೊಟ್ಟ್ಯಾಗ ಹುಟ್ಟ್ಯಾನೇನು?"

"ನೂಲರಮನ್ಯಾಗ ಹೋದ ಸಲ ಏನಾತು ಮರ್ತಿಯೇನವಾ? ಸೀರಿ ರಾಶಿ ಮ್ಯಾಲೆ ಬಿದ್ದು ಒದ್ದಾಡಿದ. ಮಂದಿ ಮೊಬೈಲ್ ಹಿಡದು ನಿಂತಿದ್ರು."

"ಅವಗ ಏನೋ ಚುಚ್ಚಿತ್ತು. ಸುಮ್ ಸುಮ್ನ ಚೀರೂ ಮಗಾ ಅಲ್ಲ ಅಂವ. ಸಣ್ಣಾಂವ ಇದ್ದಾಗಿಂದ ಅವನ್ನ ಕೈ ಹಿಡಕೊಂಡು ಅಂಗಡಿ ಅಂಗಡಿ ತಿರಗೀನಿ. ಒಂದ್ ದಿನ ಚೀರಿಲ್ಲ."

"ಬೀಗರ ಮುಂದ ಹಂಗ ಆದ್ರ?"

"ಆದ್ರ ಆತು, ನೋಡ್ಲಿ. ಎಷ್ಟ ಸಲ ಬಾಜೂ ಮನ್ಯಾಗ ಕುಂದ್ರಸ್ತಿ ಅವನ್ನ?"

ಹೆಣ್ಣು ನೋಡಲು ಬಂದ ದಿನ ಶಂಭುವನ್ನು ಪಕ್ಕದ ಮನೆಯಲ್ಲಿ ಕೂರಿಸಿ ಬಂದವಳು ದಾಕ್ಷಾಯಣಿಯೇ. ತಮ್ಮ ಎಲ್ಲಿ ಎಂದು ಹುಡುಗನ ತಾಯಿ ಶಿವಲೀಲಾ ಕೇಳಿದಾಗ, "ಅವಗ ಮಾತು ಕಡಿಮಿರಿ, ಮಂದಿ ಅಂದ್ರ ನಾಚಿಕಿ," ಎಂದದ್ದೂ ಅವಳೇ. ನಾಚಿಕೆಯನ್ನು ಅವನ ತಲೆಗೆ ಕಟ್ಟಿ ತಾನು ಉಪ್ಪಿಟ್ಟಿನ ತಾಟು ಹಿಡಿದು ಓಡಾಡಿದ್ದಳು.

ಮಂಗಳವಾರ ಇಮ್ತಿಯಾಜ್ ಅವಳನ್ನು ನಿಗಾ ಕೋಣೆಗೆ ಕರೆದ. ಕೊಪ್ಪಳದ ತಾಯಿಯ ಮಾತು ಅವನ ತಲೆಯಿಂದ ಹೋಗಿರಲಿಲ್ಲ. ಅಂಗಡಿಗಳ ಹಳೆಯ ಅಳತೆಗಳನ್ನೆಲ್ಲ ಕೆದಕಿದ್ದ.

"ಇಲ್ಲಿ ನೋಡ್ರಿ ಮೇಡಂ. ಇಂಪು ಒಂದು ಸೀಟಿ ಹೊಡೀತೈತಿ. ಭಾಳ ಸಣ್ಣದು, ಭಾಳ ಎತ್ತರದ್ದು. ವಯಸ್ಸಾದವರಿಗೆ ಕೇಳೂದ ಇಲ್ಲ. ನಮ್ಮಂಥವರಿಗೆ ಕೇಳಿದ್ರೂ ಮನಸ್ಸು ಬಾಜೂ ಸರಿಸಿಬಿಡತೈತಿ."

ದಾಕ್ಷಾಯಣಿಗೆ ಉಳಿದದ್ದನ್ನು ಅವನು ಹೇಳಬೇಕಾಗಿರಲಿಲ್ಲ. ಆಟಿಸಂ ಇರುವವರೆಲ್ಲ ಒಂದೇ ತೆರನಲ್ಲ. ಗದ್ದಲವನ್ನೇ ಇಷ್ಟಪಡುವವರೂ ಇದ್ದಾರೆ. ಆದರೆ ಯಾವ ಸದ್ದನ್ನೂ ಪಕ್ಕಕ್ಕೆ ಸರಿಸಿಡಲಾಗದವರು ಅವರಲ್ಲಿ ಬಹಳ ಮಂದಿ. ಫ್ಯಾನಿನ ಗುರುಗುರು, ದೀಪದ ಝೇಂಕಾರ, ಮೂರನೇ ಮನೆಯ ಕುಕ್ಕರಿನ ಸೀಟಿ ಎಲ್ಲವೂ ಅವರಿಗೆ ಒಟ್ಟಿಗೆ, ಮುಖದ ಎದುರಿಗೇ ಬಂದು ನಿಲ್ಲುತ್ತವೆ. ಅಂಥವರ ಕಿವಿಗೆ ಈ ಸೀಟಿ ಎಂದರೆ ಸೂಜಿಯೇ.

"ಅಂಥ ಮಕ್ಕಳು ಬಂದಾಗ ಅಷ್ಟ ಹೊಡೀತೈತಿ," ಎಂದ ಇಮ್ತಿಯಾಜ್. "ಅದೂ ಅವರ ತಲಿ ಮ್ಯಾಲೆ ಅಷ್ಟ."

"ಯಾಕ? ಅವರು ತ್ರಾಸದಾಗ ಇದ್ರ ಸಮಾಧಾನ ಮಾಡಬೇಕಲ್ಲ ಇಂಪು?"

"ಅದ ತಮಾಷಿರಿ. ಅವರು ತ್ರಾಸದಾಗ ಇರೂದ ಇಲ್ಲ." ಅವನು ಒಂದು ಗೆರೆಯ ಮೇಲೆ ಬೆರಳಿಟ್ಟ. ಗೆರೆ ಹೊಲದ ಬದುವಿನಂತೆ ಸಮವಾಗಿ ಹೋಗುತ್ತಿತ್ತು. "ಇದು ಒಬ್ಬ ಹುಡುಗಂದು. ಸೀಟಿ ಹೊಡಿಯೂಕಿಂತ ಮೊದಲು ನೋಡ್ರಿ, ಇಡೀ ಅಂಗಡ್ಯಾಗ ಎಲ್ಲಾರಕಿಂತ ಆರಾಮ ಇದ್ದಾಂವ ಅಂವ. ಇದು ಅವನ ಬಾಜೂ ಕುಂತಾಕಿದು."

ಪಕ್ಕದ ಗೆರೆ ಏರಿ ಇಳಿದು ಏರಿ ಬಡಿದುಕೊಳ್ಳುತ್ತಿತ್ತು.

"ಬ್ಯಾರೆ ಗಾದಿ ಮ್ಯಾಗಿನವರು ಆ ಹುಡುಗನ ಕಡೆ ತಿರುಗಿದಾಗೊಮ್ಮೆ ಇಕಿ ಎದಿ ಹಿಂಗ ಹೊಡಕೋತೈತಿ. ಇಂಪು ಇಕಿಗೆ ವೀಣಿ ಕೇಳಿಸ್ತು, ಕೊಳಲು ಕೇಳಿಸ್ತು, ಏನೂ ನಾಟಲಿಲ್ಲ. ಆವಾಗ ಸೀಟಿ ಹತ್ತಿತು. ಹುಡುಗ ಚೀರಿದ. ಎಳಕೊಂಡು ಹೊರಗ ಹೋದ್ರು. ಹೊರಗ ಕಟ್ಟಿ ಮ್ಯಾಲೆ ಕುಂತ ಕೂಡಲೇ ನೋಡ್ರಿ ಇಕಿ ಉಸಿರು, ಎಷ್ಟು ಹಗರ ಆತು. ಇಂಪು ತಿಳಕೊಂಡಿದ್ದು, ತಾ ಗೆದ್ದೆ ಅಂತ."

"ಹುಡುಗನ ತ್ರಾಸ ಲೆಕ್ಕಕ್ಕ ಬರಲಿಲ್ಲ?"

"ಕೈಕಾಲು ಬಡ್ಯಾಕತ್ತಾಂವನ ಅಳತಿ ಚಾಪಿಗೆ ಸಿಗೂದಿಲ್ರಿ. ಸಿಗದಿದ್ದದ್ದು ಬಿಟ್ಟುಬಿಡು ಅಂತ ನೀವ ಬರದೀರಿ."

ಹೌದು, ಅವಳೇ ಬರೆದಿದ್ದಳು.

"ಈ ಸೀಟಿ ಮೊದಲ ಎಲ್ಲಿ ಕಲೀತು?" ಎಂದು ಕೇಳಿದಳು.

"ಈಗ ತೋರಿಸಿದ ಗೆರಿನ ನೋಡ್ರಿ, ಇದ ಮೊದಲನೇದು. ನಮ್ಮ ನೂಲರಮನಿ. ಪರೀಕ್ಷೆ ನಡದಿತ್ತಲ್ಲ, ಮೊದಲನೇ ವಾರ. ಹಲಗಿ ಸರಿ ಅದಾವೋ ಇಲ್ಲೋ ಅಂತ ಇಂಪು ತಾನ ಸೀಟಿ ಹೊಡದು ನೋಡತಿತ್ತು. ಅದು ಈ ಹುಡುಗಗ ತಾಗೇತಿ. ಆವತ್ತು ಈ ಹೆಣ್ಮಗಳು ಹೊರಗ ಬಂದು ಬಿಟ್ಟ ಉಸಿರು ಐತಲ್ಲ, ಅದರ ಮ್ಯಾಲೆ ಎಲ್ಲಾ ಊರಿನ ಇಂಪೂ ನಿಂತಾವು." ಇಮ್ತಿಯಾಜ್ ತಲೆಯಾಡಿಸಿದ. "ಪಾಪ, ಯಾರೋ ಏನೋ. ಎಷ್ಟು ನಾಚಿಕಿ ಇರಬೇಕು ಅಕಿಗೆ, ಯಂತ್ರಕ್ಕ ತಿಳೀವಷ್ಟು."

ಗೋಡೆಯ ಮೇಲಿನ ಗೆರೆಗೆ ಹೆಸರಿರಲಿಲ್ಲ. ದಾಕ್ಷಾಯಣಿಗೆ ಹೆಸರು ಬೇಕಾಗಿರಲಿಲ್ಲ. ತನ್ನ ಕೆಲಸ ತೋರಿಸಬೇಕೆಂದು ಅವ್ವ, ತಮ್ಮ ಇಬ್ಬರನ್ನೂ ಆ ವಾರ ಅಂಗಡಿಗೆ ಕರೆದೊಯ್ದಿದ್ದಳು. ಶಂಭು ಚೀರಿದ ಮೇಲೆ ಅವನ ರಟ್ಟೆ ಹಿಡಿದು ಎಳೆದಿದ್ದಳು. ಅವ್ವ ಅವನನ್ನು ರಸ್ತೆಯಾಚೆ ನೆರಳಿಗೆ ಕರೆದೊಯ್ದಾಗ ತಾನೊಬ್ಬಳೇ ಆ ಕಟ್ಟೆಯ ಮೇಲೆ ಕೂತಿದ್ದಳು. ಮುಗೀತಲ್ಲ ಎಂದು ಆಗ ನಿಜವಾಗಿಯೂ ಹಾಯೆನಿಸಿತ್ತು. ತಮ್ಮ ಅಲ್ಲಿ ಮರಕ್ಕೆ ಹಣೆ ಒತ್ತಿ ನಡುಗುತ್ತಿದ್ದಾಗ ಅವಳಿಗೆ ಇಲ್ಲಿ ಹಾಯೆನಿಸಿತ್ತು. ಆ ಹಾಯನ್ನು ಯಂತ್ರ ಊರೂರಿಗೆ ಹಂಚಿತ್ತು. ಕೊಪ್ಪಳದ ಹುಡುಗಿಯ ಕಿವಿಗೆ ಚುಚ್ಚುತ್ತಿದ್ದುದು ಅದೇ. ಆ ಹುಡುಗಿಯ ಅಜ್ಜನಿಗೆ ಮೊಮ್ಮಗಳ ಬಗ್ಗೆ ನಾಚಿಕೆ ಇರಲಿಕ್ಕಿಲ್ಲ. ಅದಕ್ಕೇ ಅವನ ಜೊತೆ ಹೋದಾಗ ಅವಳು ಚೀರುತ್ತಿರಲಿಲ್ಲ.

ಅದು ನಾನೇ ಎಂದು ಆಗ ಹೇಳಬಹುದಿತ್ತು. ಹೇಳಲಿಲ್ಲ.

"ಸೀಟಿ ಬಂದ್ ಮಾಡೂಣು," ಎಂದಳು.

"ಅದು ಬಂದ್ ಮಾಡಿದ್ರ ಬ್ಯಾರೆ ಹಾದಿ ಹುಡಕತೈತ್ರಿ. ಇಂಪು ಪೂರ್ತಿ ನಿಲ್ಲಿಸಬೇಕು. ಸಾಹೇಬರಿಗೆ ಈಗ ಹೇಳೂಣೇನು?"

ಹೇಳಿದರೆ ಯಾಕೆ, ಏನು, ಯಾರು ಎಂಬ ಪ್ರಶ್ನೆ ಬರುತ್ತದೆ. ಆ ಗೆರೆ ಯಾರದೆಂದು ಹುಡುಕುತ್ತಾರೆ. ಜವಳಿಗೆ ಇನ್ನು ಮೂರೇ ದಿನ. "ಶನಿವಾರ ಹೇಳೂಣು," ಎಂದಳು. "ಅಲ್ಲೀತನ ಸೀಟಿ ಅಷ್ಟ ತಗದುಬಿಡು."

ಮನೆಗೆ ಹೋಗುವ ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕಿದಳು. ನನ್ನ ನಾಚಿಕೆಯಿಂದ ತಾನೆ ಇದು? ನಾಚಿಕೆಪಡದಿದ್ದರೆ ಆಯಿತು. ಶುಕ್ರವಾರ ನಾನು ನಾಚಿಕೆಪಡುವುದಿಲ್ಲ. ಉಪವಾಸ ಮಾಡುತ್ತೇನೆ ಎಂದು ತೀರ್ಮಾನಿಸಿದಷ್ಟು ಸುಲಭವಾಗಿ ಇದನ್ನೂ ತೀರ್ಮಾನಿಸಿದಳು. ಓದಿದವರಿಗೆ ಇಂಥ ಧೈರ್ಯ ಜಾಸ್ತಿ.

ಶುಕ್ರವಾರ ನೂಲರಮನೆಯ ಚನ್ನಬಸಪ್ಪ ಸಾವುಕಾರರು ಬಾಗಿಲಿಗೇ ಬಂದು ಕೈಮುಗಿದರು. "ಬರ್ರಿ ಬರ್ರಿ. ಇಂಪು ಮಾಡಿದ ಕೈಯವರು ಇವರ ನೋಡ್ರಿ," ಎಂದು ಗದಗಿನ ಬೀಗರಿಗೆ ಹೇಳಿದರು. ಬಸವಪ್ರಭು ಹೆಮ್ಮೆಯಿಂದ ನಕ್ಕ. ಶಿವಲೀಲಾ ಶಂಭುವಿನ ಕಡೆ ತಿರುಗಿ, "ಬಾರಪಾ, ಇವತ್ತು ನಿಂದ ಮುಖ್ಯ ಕೆಲಸ ಅಂತಲ್ಲ," ಎಂದಳು. ಶಂಭು ಅವಳ ಮುಖ ನೋಡಲಿಲ್ಲ, ಸೆರಗು ನೋಡಿದ. ಇಳಕಲ್ ಸೆರಗು. ಎರಡು ಬೆರಳಲ್ಲಿ ಹಿಡಿದು ಉಜ್ಜತೊಡಗಿದ.

"ಶಂಭು, ಬಿಡು," ಎಂದು ದಾಕ್ಷಾಯಣಿ ಹಲ್ಲು ಕಚ್ಚಿ ಹೇಳಿದಳು.

"ಹಿಡಕೊಳ್ಳಲಿ ಬಿಡವಾ. ಸೀರಿ ಏನ್ ಹರೀತೈತೇನು?" ಎಂದಳು ಶಿವಲೀಲಾ.

ಗಾದಿಯ ಮೇಲೆ ಕೂತರು. ಗೋಡೆಯ ಬದಿಗೆ ಅವ್ವ, ಅವಳ ಪಕ್ಕ ಶಂಭು, ಅವನ ಪಕ್ಕ ದಾಕ್ಷಾಯಣಿ. ಸೀರೆಗಳು ಬಿಚ್ಚಿಕೊಂಡವು. ಶಂಭು ಖುಷಿಯಾಗಿದ್ದ. ಖುಷಿಯಾದಾಗ ಅವನ ಗುನುಗು ಜೋರಾಗುತ್ತದೆ. 'ಊಂ' ಎಂಬ ಸದ್ದು ಏರಿತು, ಮೈ ಹಿಂದೆ ಮುಂದೆ ತೂಗತೊಡಗಿತು. ಪಕ್ಕದ ಗಾದಿಯಲ್ಲಿ ರೇಷ್ಮೆ ನೋಡುತ್ತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಒಬ್ಬಳು ಇನ್ನೊಬ್ಬಳ ಮೊಣಕೈ ತಟ್ಟಿದಳು.

ನಾಚಿಕೆಪಡುವುದಿಲ್ಲ ಎಂದುಕೊಂಡಳು ದಾಕ್ಷಾಯಣಿ. ಕಿವಿ ಬಿಸಿಯಾಯಿತು. ಉಸಿರು ನಿಧಾನ ಮಾಡಬೇಕು ಎಂದುಕೊಂಡಳು. ಎದೆ ಹೊಡೆದುಕೊಂಡಿತು. ಅವಳ ತಲೆಯ ಸುತ್ತ ಇಂಪು ಮೆಲ್ಲಗೆ ವೀಣೆ ನುಡಿಸಿತು, ಅದು ಬಿಟ್ಟು ಕೊಳಲು ಹಿಡಿಯಿತು. ತಾನೇ ಮಾಡಿದ ಯಂತ್ರ ತನ್ನನ್ನು ಸಂತೈಸಲು ಹೆಣಗುತ್ತಿರುವುದು ಅವಳಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಬೀಗರು ಏನು ತಿಳಿದುಕೊಳ್ಳುತ್ತಾರೆ, ಬಸವಪ್ರಭುವಿನ ಕಾಕಾ ಯಾಕೆ ಹಾಗೆ ನೋಡುತ್ತಿದ್ದಾನೆ, ಇವನು ಒಂದು ಗಳಿಗೆ ಸುಮ್ಮನಿರಬಾರದೆ? ಇಷ್ಟೇ ತಲೆಯಲ್ಲಿ ತಿರುಗಿತು. ನಾಚಿಕೆ ಹೇಳಿದ ಮಾತು ಕೇಳುವ ಪೈಕಿ ಅಲ್ಲ.

ಕೊಳಲು ನಿಂತಿತು.

ಶಂಭು ತಟ್ಟನೆ ಎರಡೂ ಕಿವಿ ಮುಚ್ಚಿಕೊಂಡ. ಬಾಯಿ ತೆರೆದರೂ ಮೊದಲು ಸದ್ದೇ ಬರಲಿಲ್ಲ. ಆಮೇಲೆ ಬಂದ ಚೀರಾಟಕ್ಕೆ ಸೀರೆ ಬಿಚ್ಚುತ್ತಿದ್ದವರ ಕೈ ಗಾಳಿಯಲ್ಲೇ ನಿಂತಿತು.

ದಾಕ್ಷಾಯಣಿಯ ಕೈಯಲ್ಲಿ ಫೋನು ಅದುರಿತು. ಇಮ್ತಿಯಾಜ್ ನಿಗಾ ಕೋಣೆಯಿಂದ ಕೂಗುತ್ತಿದ್ದ. "ಮೇಡಂ, ನೂಲರಮನ್ಯಾಗ ಅದ ಆಗಾಕತ್ತೈತಿ! ಸೀಟಿ ಇಲ್ಲ, ಅದಕ್ಕ ಎಲ್ಲಾರ ಹಾಡೂ ಒಮ್ಮೆಲೇ ಒಬ್ಬನ ತಲಿ ಮ್ಯಾಲೆ ಸುರವಾಕತ್ತೈತಿ. ನೀವು ಇವತ್ತು ಅಲ್ಲೇ ಹೋಗತೀನಂದಿದ್ರಲ್ಲ, ಅಲ್ಲೇ ಅದೀರೇನು?"

"ಅದೀನಿ. ಅವನ್ನ ಹೊರಗ ಕರ್ಕೊಂಡು..."

"ಅವನ್ನ ಅಲ್ರೀ! ಅವನ ಬಾಜೂ ಒಬ್ಬಾಕಿ ಕುಂತಾಳಲ್ಲ, ಅಕಿ ಏಳಬೇಕು. ಆ ಹುಡುಗನ ಎಡಕ್ಕ ಯಾರು ಕುಂತಾರ ನೋಡ್ರಿ, ಅವರನ್ನ ಎಬ್ಬಿಸಿ ಹೊರಗ ಕಳಿಸ್ರಿ. ಅಕಿ ಹೋದ್ರ ನಿಂದರತೈತಿ."

ಶಂಭುವಿನ ಎಡಕ್ಕೆ ಯಾರು ಕೂತಿದ್ದಾರೆಂದು ದಾಕ್ಷಾಯಣಿ ನೋಡಬೇಕಾಗಿರಲಿಲ್ಲ. ಆಳುಮಕ್ಕಳು ಶಂಭುವನ್ನು ಎತ್ತಲು ಬರುತ್ತಿದ್ದರು. "ಅವನ್ನ ಮುಟ್ಟಬ್ಯಾಡ್ರಿ!" ಎಂದಳು. "ಅವ್ವಾ, ಅವನ್ನ ಎಬ್ಬಿಸಬ್ಯಾಡ, ಅಲ್ಲೇ ಇರಲಿ." ಹೇಳಿ ತಾನು ಎದ್ದಳು. ಸೀರೆಗಳ ಮೇಲೆ ಕಾಲಿಡುತ್ತ, ಎಡವುತ್ತ, ಬೀಗರೆಲ್ಲ ಬೆರಗಾಗಿ ನೋಡುತ್ತಿರುವಾಗ, ಮದುಮಗಳು ತನ್ನ ಜವಳಿ ಬಿಟ್ಟು ಹೊರಗೆ ಓಡಿದಳು. ಚಪ್ಪಲಿಯನ್ನೂ ಮೆಟ್ಟಲಿಲ್ಲ. ಕಟ್ಟೆಯ ಮೇಲೆ ಕೂರಲಿಲ್ಲ. ರಸ್ತೆಗಿಳಿದು ಬಿಸಿಲಲ್ಲಿ ನಿಂತಳು.

ಗಾಜಿನ ಗೋಡೆಯಿಂದ ಒಳಗೆಲ್ಲ ಕಾಣುತ್ತಿತ್ತು. ಶಂಭುವಿನ ಬಾಯಿ ಮುಚ್ಚಿತು. ಸ್ವಲ್ಪ ಹೊತ್ತಿಗೆ ಭುಜಗಳು ಇಳಿದವು. ಅವ್ವ ಅವನ ಮುಂದೆ ಒಂದು ಸೆರಗು ಹಿಡಿದಳು. ಅವನು ಅದನ್ನು ಬೆರಳಿಗೆ ತೆಗೆದುಕೊಂಡ.

ಫೋನಿನಲ್ಲಿ ಇಮ್ತಿಯಾಜ್ ಮೆತ್ತಗೆ ಕೇಳಿದ. "ಮೇಡಂ... ಅದು ನೀವೇನ್ರಿ?"

"ಹೌದು. ಅಂವ ನನ್ನ ತಮ್ಮ. ಆ ಮೊದಲನೇ ಗೆರಿನೂ ನಂದ. ಸಾಹೇಬರಿಗೆ ಈಗ ಹೇಳು, ನನ್ನ ಹೆಸರು ಹಚ್ಚೇ ಹೇಳು. ಎಲ್ಲಾ ಅಂಗಡ್ಯಾಗ ಇವತ್ತ ನಿಲ್ಲಿಸ್ರಿ."

ಬಿಸಿಲು ಅಂಗಾಲು ಸುಡುತ್ತಿತ್ತು. ಒಳಗಿಂದ ಶಿವಲೀಲಾ ಬಂದಳು. ಅವಳ ಮುಖ ಗಂಟಿಕ್ಕಿತ್ತು.

"ಏನ್ ದಾಕ್ಷಾಯಣಿ ಇದು? ತಮ್ಮ ಹಂಗ ಚೀರೂ ಹೊತ್ತಿನ್ಯಾಗ ಬಿಟ್ಟು ಓಡಿ ಬಂದಿ? ಅವಗೇನರ ಜಡ್ಡೈತೇನು? ಇದ್ರ ಹೇಳು, ಮುಚ್ಚಿಡಬ್ಯಾಡ."

"ಅವಗ ಜಡ್ಡ ಇಲ್ರಿ, ಅತ್ತಿ. ಅಂವ ಇರೂದ ಹಂಗ. ಅವಗ ಆಟಿಸಂ ಐತಿ, ನಿಮಗ ನಾ ಸುಳ್ಳ ಹೇಳಿದ್ದೆ. ನೀವು ಬಂದ ದಿನ ಅವನ್ನ ಬಾಜೂ ಮನ್ಯಾಗ ಕುಂದ್ರಿಸಿದ್ದೆ." ಇಷ್ಟು ಹೇಳುವಷ್ಟರಲ್ಲಿ ಅಳು ಬಂತು. ಅಳುತ್ತಲೇ ಹೇಳಿದಳು. "ನನಗ ಅವನ ಬಗ್ಗೆ ನಾಚಿಕಿ ಐತ್ರಿ. ಅದು ಯಂತ್ರಕ್ಕ ತಿಳೀತೈತಿ. ನಾ ಒಳಗ ಇದ್ರ ಅದು ಅವನ್ನ ಹೊರಗ ಹಾಕಾಕ ನೋಡತೈತಿ. ನಾನ ಅದಕ್ಕ ಕಲಿಸೀನಿ."

ಶಿವಲೀಲಾಗೆ ಯಂತ್ರದ ಮಾತು ಎಷ್ಟು ತಿಳಿಯಿತೋ. ಸುಳ್ಳಿನ ಮಾತು ಮಾತ್ರ ಪೂರ್ತಿ ತಿಳಿಯಿತು. ಸಮಾಧಾನ ಹೇಳಲಿಲ್ಲ, ತಲೆ ಸವರಲಿಲ್ಲ. "ಈ ಮಾತು ನಾವು ಆಮ್ಯಾಲೆ ಆಡೂಣು," ಎಂದು ಒಳಗೆ ಹೋಗಿ ಸಾವುಕಾರರ ಎದುರು ನಿಂತಳು. ಏನು ಹೇಳಿದಳೋ, ಸಾವುಕಾರರು ಗಡಬಡಿಸಿ ಗೋಡೆಯ ಪೆಟ್ಟಿಗೆ ತೆಗೆದು ಇಂಪು ಬಂದ್ ಮಾಡಿದರು. ಬಾಗಿಲು ತೆರೆದು, "ಬಾ," ಎಂದಳು ಶಿವಲೀಲಾ.

ದಾಕ್ಷಾಯಣಿ ಒಳಗೆ ಬಂದಳು. ವರ್ಷಗಳ ಮೇಲೆ ಮೊದಲ ಬಾರಿ ಅಂಗಡಿಯಲ್ಲಿ ಅಂಗಡಿಯದೇ ಸದ್ದು ಕೇಳುತ್ತಿತ್ತು. ಫ್ಯಾನು ತಿರುಗುವುದು, ಸೀರೆಯ ಮಡಿಕೆ ಗಾದಿಗೆ ಬಡಿಯುವುದು, ಯಾರದೋ ಬಳೆ. ಅದರ ನಡುವೆ ಶಂಭುವಿನ 'ಊಂ'. ಈಗ ಅದು ಎಲ್ಲರಿಗೂ ಸ್ಪಷ್ಟವಾಗಿ ಕೇಳುತ್ತಿತ್ತು, ಎಲ್ಲರೂ ಅವನ ಕಡೆಗೇ ನೋಡುತ್ತಿದ್ದರು. ಅವಳಿಗೆ ಈಗಲೂ ನಾಚಿಕೆಯಾಯಿತು, ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅದು ಇನ್ನು ಅವನಿಗೆ ಚುಚ್ಚಲಾರದು, ತನ್ನ ಎದೆಯೊಳಗೇ ಬಡಿದುಕೊಂಡಿರಲಿ ಎಂದುಕೊಂಡು ಹೋಗಿ ಅವನ ಎಡಕ್ಕೆ, ತನ್ನ ಜಾಗದಲ್ಲಿ ಕೂತಳು.

ಶಂಭು ಅವಳನ್ನು ನೋಡಿದ. ಗುನುಗು ನಿಂತಿತು. ಸೆರಗನ್ನು ಬಿಟ್ಟು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

"ಬಂದ್ ಆಗೈತೋ ಶಂಭು," ಎಂದಳು ಅವಳು. "ಏನೂ ಇಲ್ಲ ಈಗ. ಹಲಗಿ ಬಂದ್ ಆಗ್ಯಾವು, ನೋಡು."

ಅವನು ಕೈ ತೆಗೆಯಲಿಲ್ಲ. ಹಲಗೆ, ಯಂತ್ರ, ಸೀಟಿ ಅವನಿಗೆ ಯಾವುದೂ ಗೊತ್ತಿರಲಿಲ್ಲ. ಅಕ್ಕ ಬಂದು ಪಕ್ಕದಲ್ಲಿ ಕೂತು ಮುಖ ಬಿಗಿದುಕೊಂಡರೆ ಕಿವಿಯಲ್ಲಿ ಬೆಂಕಿ ಬೀಳುತ್ತದೆ, ಇಷ್ಟು ಮಾತ್ರ ಗೊತ್ತಿತ್ತು. ಅವನು ಅದಕ್ಕೆ ಸಿದ್ಧನಾಗಿ, ಕಣ್ಣು ಬಿಗಿಯಾಗಿ ಮುಚ್ಚಿ ಕಾಯುತ್ತಿದ್ದ.

ದಾಕ್ಷಾಯಣಿ ಅವನ ಕೈ ಹಿಡಿದು ಇಳಿಸಲು ಹೋದವಳು ಕೈ ಹಿಂದೆಗೆದಳು. ಅವನಿಗೆ ಏನು ಬೇಕೆಂದು ಅವಳು ಈ ತನಕ ಅವ್ವನನ್ನು ಕೇಳಿದ್ದಳು, ಪುಸ್ತಕಗಳನ್ನು ಕೇಳಿದ್ದಳು, ಅವನನ್ನೇ ಕೇಳಿದ್ದು ನೆನಪಿಗೆ ಬರಲಿಲ್ಲ.

"ಶಂಭು," ಎಂದಳು, ಆದಷ್ಟು ಮೆತ್ತಗೆ. "ನಾ ಎಲ್ಲಿ ಕುಂದರಲೋ?"

ಅವನು ಬಹಳ ಹೊತ್ತು ಅಲುಗಲಿಲ್ಲ. ಪಕ್ಕದ ಗಾದಿಯವರೂ ಸೀರೆ ನೋಡುವುದನ್ನು ಬಿಟ್ಟಿದ್ದರು. ಆಮೇಲೆ ಕಿವಿಯಿಂದ ಕೈ ತೆಗೆಯದೆ, ಮೊಣಕೈಯನ್ನಷ್ಟೇ ಎತ್ತಿ, ಗಾದಿಯ ಆ ತುದಿಯನ್ನು ತೋರಿಸಿದ. "ಅಲ್ಲಿ," ಎಂದ.

ಅವಳು ಎದ್ದಳು. ಹರಡಿದ ಸೀರೆಗಳನ್ನು ತುಳಿಯದಂತೆ ದಾಟಿ, ಎಲ್ಲರೂ ನೋಡುತ್ತಿರುವಾಗಲೇ, ಅವನು ತೋರಿಸಿದ ಜಾಗದಲ್ಲಿ ಹೋಗಿ ಕೂತಳು. ಶಂಭು ಕಿವಿಯಿಂದ ಕೈ ತೆಗೆದ.